ಕಲ್ಲು ಮುಖದವರ ಕಡೆಯಿಂದ ಒಂದು ಮಾತು

ಮಾನ್ಯ ಸಂಪಾದಕರೇ,

ಮಗುವಿನ ಮೇಲಿನ ದೌರ್ಜನ್ಯದ ಪ್ರಕರಣವೊಂದರ ಬಗ್ಗೆ ನಿಮ್ಮ ಪತ್ರಿಕೆಗೆ ಬರೆದಿದ್ದ ಓದುಗರೊಬ್ಬರು ಆಸ್ಪತ್ರೆಯಲ್ಲಿ ತಾವು ಕಂಡ ಸಿಬ್ಬಂದಿಯನ್ನು ‘ಕಲ್ಲು ಮುಖದವರು’ ಎಂದು ಕರೆದಿದ್ದರು. ಕೂಸು ಅಷ್ಟು ಅಳುತ್ತಿದ್ದರೂ ಒಬ್ಬರ ಕಣ್ಣಲ್ಲೂ ನೀರಿರಲಿಲ್ಲ, ಎಲ್ಲರೂ ಫಾರ್ಮು ತುಂಬುವುದರಲ್ಲೇ ಮುಳುಗಿದ್ದರು ಎಂಬುದು ಅವರ ದೂರು. ಅವರ ಸಿಟ್ಟು ನ್ಯಾಯವಾದದ್ದೇ. ನಾನು ಆ ಕಲ್ಲು ಮುಖದವರಲ್ಲಿ ಒಬ್ಬಳು. ಇಪ್ಪತ್ತಾರು ವರ್ಷಗಳಿಂದ ಎಕ್ಸ್‌ರೇ ತೆಗೆಯುತ್ತಿದ್ದೇನೆ. ಆ ಮುಖದ ಹಿಂದೆ ಏನು ನಡೆಯುತ್ತದೆ ಎಂದು ಹೇಳಲು ಈ ಪತ್ರ.

ಇಂಥ ಸುದ್ದಿಗಳಲ್ಲಿ ವೈದ್ಯರು ಬರುತ್ತಾರೆ, ಪೊಲೀಸರು ಬರುತ್ತಾರೆ. ಎಕ್ಸ್‌ರೇ ಕೋಣೆ ಬರುವುದಿಲ್ಲ. ಆದ್ದರಿಂದ ಅಲ್ಲಿ ಆಗುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎರಡು ವರ್ಷದೊಳಗಿನ ಮಗುವಿನ ಮೈಮೇಲೆ, ಮನೆಯವರು ಹೇಳುವ ಕಾರಣಕ್ಕೆ ಹೊಂದದ ಪೆಟ್ಟು ಕಂಡಾಗ ವೈದ್ಯರು ಇಡೀ ಅಸ್ಥಿಪಂಜರದ ಎಕ್ಸ್‌ರೇ ಬರೆಯುತ್ತಾರೆ. ಮಗುವನ್ನು ಪೂರ್ತಿಯಾಗಿ ಒಂದೇ ಚಿತ್ರದಲ್ಲಿ ತೆಗೆದರೆ ನಡೆಯುವುದಿಲ್ಲ, ಕೂದಲೆಳೆಯಂಥ ಬಿರುಕು ಅದರಲ್ಲಿ ಕಾಣುವುದಿಲ್ಲ. ತಲೆ, ಎದೆ, ಓರೆಯಾಗಿ ಪಕ್ಕೆಲುಬುಗಳು, ಬೆನ್ನು, ತೋಳು, ಮುಂಗೈ, ಅಂಗೈ, ತೊಡೆ, ಕಣಕಾಲು, ಪಾದ ಎಂದು ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳು ಬೇಕು. ಪ್ರತಿ ಚಿತ್ರಕ್ಕೂ ಮಗು ಅಲುಗದೆ ಇರಬೇಕು. ಐದು ತಿಂಗಳ ಕೂಸಿಗೆ ಅಲುಗಬೇಡ ಎಂದು ಹೇಳುವುದು ಹೇಗೆ? ಸೀಸದ ಏಪ್ರನ್ ತೊಟ್ಟು ಒಬ್ಬರು ಹಿಡಿಯಬೇಕು, ಇನ್ನೊಬ್ಬರು ಗುಂಡಿ ಒತ್ತಬೇಕು.

ಹಿಡಿಯುವುದೆಂದರೆ ಮಣಿಕಟ್ಟು ಮತ್ತು ಮೊಣಕೈ ಹಿಡಿದು ತೋಳನ್ನು ನೇರವಾಗಿ ಚಾಚಿಸುವುದು. ಆ ತೋಳೇ ಮುರಿದಿದ್ದರೆ? ಮುರಿದಿದೆಯೇ ಎಂದು ತಿಳಿಯಲೆಂದೇ ಅಲ್ಲವೇ ಮಗುವನ್ನು ನಮ್ಮಲ್ಲಿಗೆ ಕಳುಹಿಸಿರುವುದು! ಮೊದಲು ನಾನು ನೋಯಿಸುತ್ತೇನೆ, ನೋವು ಎಲ್ಲಿತ್ತೆಂದು ಆಮೇಲೆ ಪರದೆಯ ಮೇಲೆ ಗೊತ್ತಾಗುತ್ತದೆ. ದೊಡ್ಡವರ ಕೈಯಿಂದ ಆಗಲೇ ನೊಂದು ಬಂದ ಕೂಸಿಗೆ ಆ ದಿನ ಸಿಕ್ಕ ಇನ್ನೊಂದು ಜೊತೆ ದೊಡ್ಡ ಕೈಗಳು ನನ್ನವು. ಹೆಚ್ಚಿನ ಮಕ್ಕಳು ಅಳುತ್ತವೆ. ಅತ್ತರೆ ನನಗೆ ಅಷ್ಟು ಕಷ್ಟವಿಲ್ಲ. ಅಳದೆ, ಮಿಸುಕದೆ, ನಮ್ಮ ಕೈ ಹೋದ ಕಡೆಗೆಲ್ಲ ಕಣ್ಣನ್ನು ಮಾತ್ರ ಹೊರಳಿಸುತ್ತ ಮಲಗಿರುವ ಮಕ್ಕಳಿವೆ. ಅಂಥ ಮಗುವಿನ ಚಿತ್ರ ಒಂದೇ ಸಲಕ್ಕೆ ಚೆನ್ನಾಗಿ ಬರುತ್ತದೆ. ಚೆನ್ನಾಗಿ ಬಂತಲ್ಲ ಎಂದು ಕೆಲಸಗಾರಳಾಗಿ ಒಂದು ಕ್ಷಣ ಸಮಾಧಾನವೂ ಆಗುತ್ತದೆ, ಅದೇ ಕ್ಷಣದಲ್ಲಿ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಕೆಲವೇ ಸೆಕೆಂಡುಗಳಲ್ಲಿ ಪರದೆಯ ಮೇಲೆ ಚಿತ್ರ ಮೂಡುತ್ತದೆ. ವರದಿ ಬರೆಯುವುದು ನನ್ನ ಕೆಲಸವಲ್ಲ, ಅದಕ್ಕೆ ವೈದ್ಯರಿದ್ದಾರೆ. ಆದರೆ ಇಷ್ಟು ವರ್ಷ ನೋಡಿದ ಕಣ್ಣಿಗೆ ತಿಳಿಯದೆ ಇರುತ್ತದೆಯೇ? ಬೆನ್ನುಮೂಳೆಯ ಪಕ್ಕದಲ್ಲಿ, ಪಕ್ಕೆಲುಬುಗಳ ಮೇಲೆ ಸಾಲಾಗಿ ಕಾಣುವ ಸಣ್ಣ ಗಂಟುಗಳು ವಾರಗಳ ಹಿಂದೆ ಮುರಿದು ತಾವಾಗಿಯೇ ಕೂಡುತ್ತಿರುವ ಮೂಳೆಗಳು. ಎದೆಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಾಗ ಮುರಿಯುವ ಜಾಗ ಅದು. ಅಷ್ಟು ವಾರ ಆ ಕೂಸನ್ನು ಯಾರೋ ಎತ್ತಿಕೊಂಡಿದ್ದಾರೆ, ಮಲಗಿಸಿದ್ದಾರೆ, ಅದು ಅತ್ತಾಗ ಸುಮ್ಮನಿರು ಎಂದಿದ್ದಾರೆ. ಬಾಗಿಲು ತೆರೆದರೆ ಹೊರಗೆ ಕಾಯುತ್ತಿರುವವರು ‘ಏನಾದರೂ ಇದೆಯಾ?’ ಎಂದು ಕೇಳುತ್ತಾರೆ. ‘ಡಾಕ್ಟರ್ ನೋಡಿ ಹೇಳುತ್ತಾರೆ’ ಎನ್ನುತ್ತೇನೆ. ಮುಖದಲ್ಲಿ ಏನೂ ಇಲ್ಲದಂತೆ ಹೇಳಬೇಕು, ಏಕೆಂದರೆ ಅಲ್ಲಿ ನಿಂತವರು ಮಾಡಿದವರೇ ಆಗಿದ್ದರೆ ಮಗುವನ್ನು ಎತ್ತಿಕೊಂಡು ಹೊರಟುಬಿಡಬಹುದು. ಏನೂ ಮಾಡದವರಾಗಿದ್ದರೆ ನನ್ನ ಒಂದು ನೋಟ ಅವರನ್ನು ಜನ್ಮಪೂರ್ತಿ ಸುಡಬಹುದು. ಪತ್ರ ಬರೆದವರು ಕಂಡ ಕಲ್ಲು ಮುಖ ಇದೇ.

ಎರಡನೆಯ ಮಾತನ್ನು ಊಹೆಯಿಂದ ಹೇಳುತ್ತಿಲ್ಲ. ಹಲವು ವರ್ಷಗಳ ಹಿಂದೆ ತಂದೆಯೊಬ್ಬ ಮಗಳನ್ನು ಕರೆತಂದಿದ್ದ. ತೊಡೆಯಲ್ಲಿ ಹೊಸ ಮುರಿತ, ತೋಳಿನಲ್ಲಿ ಹಳೆಯದು. ‘ಬಟ್ಟೆ ಬದಲಿಸುವಾಗ ಟಕ್ ಎಂದಿತು’ ಎಂದ. ಬಟ್ಟೆ ಬದಲಿಸುವಾಗ ತೊಡೆಮೂಳೆ ಮುರಿಯುತ್ತದೆಯೇ? ನಾನು ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಆದರೆ ಅವನಿಗೆ ಕೂರಲು ಕುರ್ಚಿ ತೋರಿಸಲಿಲ್ಲ. ಮಗುವಿನ ಹಾಲಿನ ಬಾಟಲಿ ಕೊಡಲು ಬಂದಾಗ ಬಾಗಿಲಲ್ಲೇ ಕಸಿದುಕೊಂಡಂತೆ ತೆಗೆದುಕೊಂಡೆ. ಆ ಮಗುವಿಗೆ ಇದ್ದದ್ದು ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಎಂಬ ಹುಟ್ಟುಕಾಯಿಲೆ. ಮೂಳೆಗಳು ಕಡ್ಡಿಯಂತೆ ಮುರಿಯುತ್ತವೆ, ಕೆಲವರಲ್ಲಿ ಕಣ್ಣಿನ ಬಿಳಿಭಾಗ ನಸುನೀಲಿಯಾಗಿರುತ್ತದೆ. ಅದರ ಕಣ್ಣೂ ಹಾಗೆಯೇ ಇದ್ದವಂತೆ. ನಾನು ಮೂಳೆಯನ್ನೇ ನೋಡುತ್ತಿದ್ದೆ, ಕಣ್ಣು ನೋಡಲಿಲ್ಲ. ಈ ವಿಷಯ ನನಗೆ ತಿಳಿದದ್ದೂ ತಿಂಗಳುಗಳಾದ ಮೇಲೆ, ಕಾರಿಡಾರಿನಲ್ಲಿ ಯಾರೋ ಮಾತಿಗೆ ಮಾತು ಬಂದು ಹೇಳಿದ್ದರಿಂದ. ಕ್ಷಮೆ ಕೇಳಲು ಆ ತಂದೆಯನ್ನು ಎಲ್ಲಿ ಹುಡುಕಲಿ? ಕಂಡ ಕ್ರೌರ್ಯ ಮಾತ್ರ ನಮ್ಮನ್ನು ಕಾಡುತ್ತದೆ ಎಂದು ಜನ ತಿಳಿದಿದ್ದಾರೆ. ಇಲ್ಲದ ಕ್ರೌರ್ಯವನ್ನು ಕಂಡದ್ದೂ ಕಾಡುತ್ತದೆ.

ಇದೆಲ್ಲ ಮನೆಗೂ ಬರುತ್ತದೆ. ಹೋದ ವರ್ಷ ಅಳಿಯ ನನ್ನ ಮೊಮ್ಮಗನನ್ನು ಆಟವಾಡಿಸುತ್ತ ಮೇಲಕ್ಕೆ ಎಸೆದು ಹಿಡಿದ. ಮಗು ಕೇಕೆ ಹಾಕಿ ನಗುತ್ತಿತ್ತು. ನಾನು ಕಿರುಚಿದ ಕಿರುಚಿಗೆ ನಗು ನಿಂತಿತು, ಮಗು ಅಳತೊಡಗಿತು. ಮಗಳು ಒಳಗಿನಿಂದ ಓಡಿಬಂದಳು. ‘ಅತ್ತೆ, ನಾನು ಅವನ ಅಪ್ಪ’ ಎಂದಷ್ಟೇ ಅಳಿಯ ಹೇಳಿದ. ಆಮೇಲೆ ಒಂದು ವಾರ ನನ್ನೊಂದಿಗೆ ಮಾತಾಡಲಿಲ್ಲ. ಹಿಂದಿನ ದಿನ ಏನು ನೋಡಿ ಬಂದಿದ್ದೆ ಎಂದು ನಾನು ಹೇಳುವಂತಿರಲಿಲ್ಲ. ರೋಗಿಯ ವಿಷಯ ಹೊರಗೆ ಹೇಳಬಾರದು ಎಂಬ ನಿಯಮ ಮಗುವನ್ನು ಕಾಯುವುದಕ್ಕೇ ಇರುವುದು, ಅದಕ್ಕೆ ನನ್ನ ತಕರಾರಿಲ್ಲ. ಮೊಮ್ಮಗನಿಗೆ ಸ್ನಾನವಾದ ಮೇಲೆ ಮೈ ಒರೆಸುವಾಗ ನನ್ನ ಬೆರಳು ತಾನಾಗಿಯೇ ಕಿವಿಯ ಹಿಂದೆ, ಕುತ್ತಿಗೆ, ಪಕ್ಕೆಗೆ ಹೋಗುತ್ತದೆ. ಪುಟ್ಟ ಮಕ್ಕಳಲ್ಲಿ ಈ ಜಾಗಗಳಲ್ಲಿ ನೀಲಿಗಟ್ಟಿದ ಗುರುತು ಕಂಡರೆ ಅನುಮಾನಿಸಬೇಕು, ನಾಲ್ಕು ತಿಂಗಳೊಳಗಿನ ಕೂಸಾದರೆ ಮೈಮೇಲೆ ಎಲ್ಲಿ ಕಂಡರೂ ಅನುಮಾನಿಸಬೇಕು ಎಂದು ನಮಗೆ ಕಲಿಸಿದ್ದಾರೆ. ಇದು ಎಲ್ಲ ತಂದೆ ತಾಯಂದಿರಿಗೂ, ಶಿಶುವಿಹಾರದವರಿಗೂ ತಿಳಿದಿರಬೇಕಾದ ಮಾತು. ಆದರೆ ಅಜ್ಜಿಯ ಕೈಗೆ ಇದು ತಿಳಿದಿರಬಾರದಿತ್ತು.

‘ಕೆಲಸಕ್ಕೆ ಸೇರುವಾಗ ಗೊತ್ತಿರಲಿಲ್ಲವೇ? ಗಟ್ಟಿಯಾಗಬೇಕು’ ಎನ್ನುವವರು ನಮ್ಮೊಳಗೇ ಇದ್ದಾರೆ. ಅವರಿಗೆ ನಮ್ಮ ವೃತ್ತಿಯ ಇತಿಹಾಸದಿಂದಲೇ ಒಂದು ಉತ್ತರವಿದೆ. 1946ರಲ್ಲಿ ನ್ಯೂಯಾರ್ಕಿನ ಮಕ್ಕಳ ರೇಡಿಯಾಲಜಿ ವೈದ್ಯ ಜಾನ್ ಕ್ಯಾಫಿ ಆರು ಕೂಸುಗಳ ವಿವರ ಪ್ರಕಟಿಸಿದರು. ತಲೆಬುರುಡೆಯೊಳಗೆ ರಕ್ತಸ್ರಾವ, ಜೊತೆಗೆ ಕೈಕಾಲಿನ ಮೂಳೆಗಳಲ್ಲಿ ಒಟ್ಟು 23 ಮುರಿತಗಳು. ಹೇಗಾಯಿತೆಂದು ಹೇಳುವವರಿಲ್ಲ. ಚಿತ್ರಗಳು ಎಲ್ಲವನ್ನೂ ತೋರಿಸುತ್ತಿದ್ದವು. ಆದರೂ ಅದಕ್ಕೊಂದು ಹೆಸರಿಟ್ಟು ವೈದ್ಯಲೋಕದ ಮುಂದೆ ಬಿಚ್ಚಿ ಹೇಳಲು 1962ರವರೆಗೆ, ಅಮೆರಿಕದ ಮಕ್ಕಳ ವೈದ್ಯ ಹೆನ್ರಿ ಕೆಂಪೆ ಮತ್ತು ಸಂಗಡಿಗರ ಲೇಖನದವರೆಗೆ ಕಾಯಬೇಕಾಯಿತು. ತಂದೆ ತಾಯಿಯೇ ಮಗುವನ್ನು ಹೀಗೆ ಮಾಡಬಹುದು ಎಂದು ನಂಬುವುದು ವೈದ್ಯರಿಗೆ ಬಹಳ ಕಷ್ಟ ಎಂದು ಆ ಲೇಖನವೇ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದೆ. ಚಿತ್ರ ಕಣ್ಣ ಮುಂದೆಯೇ ಇದ್ದರೂ ಮನಸ್ಸು ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಅದು ನನಗೂ ಆಗಿದೆ. ಒಂದೇ ತಿಂಗಳಲ್ಲಿ ಮೂರನೆಯ ಕೂಸು, ರಾತ್ರಿ ಪಾಳಿಯ ಕೊನೆ. ಪಕ್ಕೆಲುಬಿನ ಓರೆ ಚಿತ್ರವೊಂದು ಸ್ವಲ್ಪ ಮಸುಕಾಗಿತ್ತು. ಮತ್ತೆ ತೆಗೆಯಬೇಕಿತ್ತು. ‘ಇರಲಿ, ಸಾಕು’ ಎಂದೆ. ಮಗುವಿಗೆ ಮತ್ತೆ ನೋವಾಗುವುದು ಬೇಡ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ನನಗೆ ನೋಡುವುದು ಬೇಡವಾಗಿತ್ತು. ನನಗಿಂತ ಹದಿನೈದು ವರ್ಷ ಚಿಕ್ಕವನಾದ ಸಹೋದ್ಯೋಗಿ ಒಪ್ಪಲಿಲ್ಲ, ‘ಇನ್ನೊಂದು ಸಲ ಹಿಡಿಯಿರಿ ಮೇಡಂ’ ಎಂದ. ಹಿಡಿದೆ. ಆ ಎರಡನೆಯ ಚಿತ್ರದಲ್ಲೇ ಇತ್ತು, ಮೊದಲನೆಯದರಲ್ಲಿ ಇರಲಿಲ್ಲ. ಅವನು ಆ ರಾತ್ರಿ ರಜೆಯಲ್ಲಿದ್ದಿದ್ದರೆ ಕೂಸು ಬಂದ ಮನೆಗೇ ವಾಪಸ್ ಹೋಗುತ್ತಿತ್ತೇನೋ. ನಮ್ಮ ಮನಸ್ಸಿನ ಆರೈಕೆ ನಮ್ಮ ಸುಖಕ್ಕಾಗಿ ಎಂದು ತಿಳಿದಿರುವ ಆಡಳಿತದವರು ಈ ಪ್ಯಾರಾ ಇನ್ನೊಮ್ಮೆ ಓದಬೇಕೆಂದು ಕೋರುತ್ತೇನೆ.

ಇದಕ್ಕೆ ವೈದ್ಯಶಾಸ್ತ್ರದಲ್ಲಿ ಮನ್ನಣೆಯೂ ಇದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪರಿಷ್ಕರಿಸಿದ ಕೈಪಿಡಿ, ಆಘಾತೋತ್ತರ ಒತ್ತಡದ ಕಾಯಿಲೆಗೆ ಕಾರಣವಾಗಬಲ್ಲವುಗಳಲ್ಲಿ ಕೆಲಸದ ನಿಮಿತ್ತ ಇಂಥ ವಿವರಗಳನ್ನು ಮತ್ತೆ ಮತ್ತೆ ಕಾಣುವುದನ್ನೂ ಸೇರಿಸಿದೆ. ಮಕ್ಕಳ ಮೇಲಿನ ದೌರ್ಜನ್ಯದ ವಿವರಗಳಲ್ಲಿ ಮುಳುಗಿರುವ ಪೊಲೀಸರನ್ನೇ ಅಲ್ಲಿ ಉದಾಹರಣೆಯಾಗಿ ಕೊಟ್ಟಿದ್ದಾರೆ. ಟಿವಿಯಲ್ಲಿ, ಚಿತ್ರದಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ, ಆದರೆ ಕೆಲಸದ ಭಾಗವಾಗಿ ನೋಡಿದರೆ ಲೆಕ್ಕಕ್ಕಿದೆ ಎಂದೂ ಅದು ಹೇಳುತ್ತದೆ. ಚಿತ್ರ ನೋಡುವುದೇ ಕೆಲಸವಾದ ನನಗೆ ಆ ಸಾಲು ಓದಿ, ವಿಚಿತ್ರ ಅನಿಸಬಹುದು, ಹಗುರವಾಯಿತು.

ನಮ್ಮಲ್ಲಿ ಏನೂ ಮಾಡಿಲ್ಲವೆಂದಲ್ಲ. ಒಮ್ಮೆ ಒತ್ತಡ ನಿರ್ವಹಣೆಯ ಕಾರ್ಯಾಗಾರ ನಡೆಯಿತು. ಬಂದ ತಜ್ಞರು ಸೂರ್ಯೋದಯದ ಚಿತ್ರಗಳನ್ನು ತೋರಿಸಿ ಆಳವಾಗಿ ಉಸಿರಾಡಲು ಹೇಳಿಕೊಟ್ಟರು. ದಿನಕ್ಕೆ ನೂರು ಜನರಿಗೆ ‘ಉಸಿರು ಎಳೆದುಕೊಳ್ಳಿ, ಹಿಡಿದುಕೊಳ್ಳಿ, ಬಿಡಿ’ ಎನ್ನುವವಳಿಗೆ! ಪಾಳಿಯಲ್ಲಿದ್ದವರು ಬರುವಂತಿರಲಿಲ್ಲ. ಗುತ್ತಿಗೆಯ ಮೇಲಿರುವವರನ್ನು ಕರೆಯಲೇ ಇಲ್ಲ. ಆ ಮಕ್ಕಳ ಬಟ್ಟೆ ಬಿಚ್ಚುವ, ಮೈ ಒರೆಸುವ ಆಯಾ ಗುತ್ತಿಗೆಯವರು. ಮೈಮೇಲಿನ ಗುರುತುಗಳನ್ನು ಎಲ್ಲರಿಗಿಂತ ಮೊದಲು ಕಾಣುವವರು ಅವರೇ. ಒಂದು ಮಧ್ಯಾಹ್ನ ಬಟ್ಟೆ ಇಡುವ ಕೋಣೆಯಲ್ಲಿ ಅವರು ಒಗೆದ ಹೊದಿಕೆಗಳ ರಾಶಿಯಲ್ಲಿ ಮುಖ ಹುದುಗಿಸಿ ನಿಂತಿದ್ದನ್ನು ಕಂಡೆ. ನನ್ನನ್ನು ನೋಡಿ ‘ಲೆಕ್ಕ ಮಾಡುತ್ತಿದ್ದೆ ಅಕ್ಕಾ’ ಎಂದರು. ನಾನೂ ಹೌದೇ ಎಂದು ಬಾಗಿಲು ಮುಂದೆ ಮಾಡಿಕೊಂಡು ಬಂದೆ. ಅವರಿಗೆ ಸಮಾಧಾನ ಹೇಳಲು ನನಗೇ ಏನೂ ಗೊತ್ತಿರಲಿಲ್ಲ.

ಹಾಗಾದರೆ ಏನು ಬೇಕು? ಘಟನೆಯಾದ ಕೂಡಲೇ ಎಲ್ಲರನ್ನೂ ಕೂರಿಸಿ ಬಲವಂತವಾಗಿ ಬಾಯಿ ಬಿಡಿಸುವುದಂತೂ ಬೇಡ. ಒಂದೇ ಸಲದ ಅಂಥ ಕೂಟದಿಂದ ಕಾಯಿಲೆ ತಪ್ಪುವುದಿಲ್ಲ, ಕೆಲವರಿಗೆ ಕೆಡುಕೂ ಆಗಬಹುದು ಎಂದು ಅಧ್ಯಯನಗಳು ತೋರಿಸಿವೆ. ಬೇರೆ ದಾರಿ ಇದೆ. ಬೋಸ್ಟನ್ನಿನಲ್ಲಿ ಕೆನೆತ್ ಶ್ವಾರ್ಟ್ಸ್ ಎಂಬ ವಕೀಲರು 1995ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ತಮ್ಮನ್ನು ನೋಡಿಕೊಂಡವರ ಅಂತಃಕರಣವನ್ನು ನೆನೆದು ಅವರು ಹುಟ್ಟುಹಾಕಿದ ಸಂಸ್ಥೆಯಿಂದ ಒಂದು ಪದ್ಧತಿ ಬೆಳೆಯಿತು. ಅವರ ಹೆಸರಿನಿಂದಲೇ ಕರೆಯುವ ಆ ಸಭೆಗಳಲ್ಲಿ ವೈದ್ಯರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಒಟ್ಟಿಗೆ ಕೂರುತ್ತಾರೆ. ಚಿಕಿತ್ಸೆ ಸರಿಯಿತ್ತೇ ಎಂಬ ಚರ್ಚೆ ಅಲ್ಲಿಲ್ಲ. ಆ ರೋಗಿಯನ್ನು ನೋಡುವಾಗ ನಿನಗೇನಾಯಿತು ಎಂಬುದಷ್ಟೇ ಮಾತು. ಮಾತಾಡಲೇಬೇಕೆಂಬ ಒತ್ತಾಯವೂ ಇಲ್ಲ. ಅದಕ್ಕೆ ಬೇಕಾದದ್ದು ಒಂದು ಕೋಣೆ, ಒಂದು ಗಂಟೆ. ಆ ಗಂಟೆ ಪಾಳಿಯೊಳಗೇ ಇರಬೇಕು, ಆಯಾ ಕೂಡ ಆ ಕೋಣೆಯಲ್ಲಿರಬೇಕು. ನಾನು ಕೇಳುವುದು ಇಷ್ಟೇ, ಇನ್ನೊಂದನ್ನು ಬಿಟ್ಟರೆ.

ಇನ್ನೊಂದು ಇದು. ಹೊಸ ಮುರಿತ ಮೊದಲ ದಿನ ಕಾಣದೆ ಹೋಗಬಹುದು, ಕೂಡತೊಡಗಿದ ಮೇಲೆ ಕಾಣುತ್ತದೆ. ಆದ್ದರಿಂದ ಸುಮಾರು ಎರಡು ವಾರಗಳ ನಂತರ ಮಗುವನ್ನು ಮತ್ತೆ ಕರೆಸಿ ಚಿತ್ರ ತೆಗೆಯುತ್ತೇವೆ. ಕಳೆದ ಬಾರಿ ಒಂದು ಮಗು ಮರುಪರೀಕ್ಷೆಗೆ ಬರಲಿಲ್ಲ. ಪಟ್ಟಿಯಲ್ಲಿ ಅದರ ಹೆಸರಿನ ಮೇಲೆ ಗೀಟು ಎಳೆದಿತ್ತು. ಏಕೆಂದು ಕೇಳಿದೆ. ‘ಅದು ನಿಮಗೇಕೆ?’ ಎಂದರು. ಬೇರೆ ಆಸ್ಪತ್ರೆಯಲ್ಲಿ ಮಾಡಿಸಿರಬಹುದು, ಮಗುವನ್ನು ಸುರಕ್ಷಿತ ಕಡೆ ಸೇರಿಸಿರಬಹುದು, ಬೇರೆ ಏನಾದರೂ ಆಗಿರಬಹುದು. ನನ್ನ ತಲೆಯಲ್ಲಿ ಆ ಮಗು ಇನ್ನೂ ಮೇಜಿನ ಮೇಲೆಯೇ ಮಲಗಿದೆ. ಹೆಸರು ಬೇಡ, ವಿಳಾಸ ಬೇಡ, ಯಾರು ಮಾಡಿದ್ದೆಂದೂ ಬೇಡ. ‘ಮರುಪರೀಕ್ಷೆ ಬೇರೆಡೆ ಆಯಿತು, ಮಗು ಚೇತರಿಸಿಕೊಳ್ಳುತ್ತಿದೆ’ ಎಂಬ ಒಂದು ಸಾಲು ಸಾಕು. ಸುದ್ದಿ ಕೆಟ್ಟದ್ದೇ ಆಗಿದ್ದರೂ ಹೇಳಲಿ. ಆ ಸಾಲನ್ನು ಬರೆಯುವುದು ಯಾರದಾದರೂ ಒಬ್ಬರ ಕೆಲಸವೆಂದು ಆಸ್ಪತ್ರೆಗಳು ಗೊತ್ತು ಮಾಡಲಿ.

ಆ ಮಕ್ಕಳ ಗುರುತು ಸಿಗಬಾರದೆಂದು ನನ್ನ ಹೆಸರನ್ನು ಅಚ್ಚು ಹಾಕಬೇಡಿ. ಅಳಿಯ ನಿಮ್ಮ ಪತ್ರಿಕೆಯನ್ನು ಕ್ರೀಡಾ ಪುಟದಿಂದ ಹಿಂದಕ್ಕೆ ಓದುವವನು, ಈ ಪುಟದವರೆಗೆ ಬರುತ್ತಾನೋ ಇಲ್ಲವೋ. ಬಾರದಿದ್ದರೆ ಕತ್ತರಿಸಿ ಅವನ ಕಣ್ಣಿಗೆ ಬೀಳುವಲ್ಲಿ ಇಡುತ್ತೇನೆ.

ಇಂತಿ,
ಒಬ್ಬ ಎಕ್ಸ್‌ರೇ ತಂತ್ರಜ್ಞೆ