ಹಳದಿ ಕಂಡ ಜಾಗ

ಮೈಸೂರು
ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟಿಗೆ ನಿನ್ನ ಮಾಮನ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ಅದನ್ನು ಮತ್ತೆ ಬರೆಯುವುದಿಲ್ಲ. ಆ ಹಳೇ ಡ್ರಮ್ ಉಜ್ಜಿದ್ದರ ಬಗ್ಗೆ ಬರೆದ ನಿನ್ನ ಪತ್ರದ ಕೊನೆಯಲ್ಲಿ ಒಂದು ಸಾಲು ಇತ್ತಲ್ಲ, "ನಾನೇ ಹಾಳು ಮಾಡಿಬಿಟ್ಟೆನಾ ಮಾಮ?" ಅಂತ. ಅದಕ್ಕೇ ಈ ಪತ್ರ. ಓದಿದ ಮೇಲೆ ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ನೀನು ಕಳಿಸಿದ ಫೋಟೊಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಡ್ರಮ್ಮಿನ ಶೆಲ್, ಅಂದರೆ ದುಂಡನೆಯ ಮೈ, ಹಿತ್ತಾಳೆ, ಮೇಲೆ ನಿಕಲ್ ಲೇಪ. ಸುತ್ತ ಬೂದುಬಣ್ಣ ತಿರುಗಿದೆ. ಸ್ಕ್ರೂಗಳ ಬುಡದಲ್ಲಿ ಹಸಿರು ಕಿಲುಬು ಕಟ್ಟಿದೆ. ಮಧ್ಯದಲ್ಲಿ ನೀನು ಉಜ್ಜಿದ ಕಡೆ ಅಂಗೈಯಗಲ ಹಳದಿ. ಅಜ್ಜಿ ಪಾತ್ರೆ ಬೆಳಗುತ್ತಿದ್ದ ಹಾಗೆ ಹುಣಸೆಹಣ್ಣು ಹಚ್ಚಿ ಹಸಿರು ಸ್ಕ್ರಬ್ಬರ್ ಹಾಕಿದೆ ಅಂದೆಯಲ್ಲ, ತಪ್ಪು ತಿಳಿಯಬೇಡ, ಅಜ್ಜಿಯ ಚೆಂಬಿಗೆ ಅದು ಸರಿ. ಚೆಂಬು ಒಳಗೂ ಹೊರಗೂ ಒಂದೇ ಲೋಹ. ಎಷ್ಟು ಉಜ್ಜಿದರೂ ಹಿತ್ತಾಳೆಯೇ. ಇದು ಹಾಗಲ್ಲ. ಈ ನಿಕಲ್ ಲೇಪ ಕಾಗದಕ್ಕಿಂತ ಎಷ್ಟೋ ತೆಳು. ನೂರು ವರ್ಷದಲ್ಲಿ ಎಷ್ಟು ಕೈ ಅದನ್ನು ಒರೆಸಿವೆಯೋ. ನಿನಗೆ ಸಿಗುವ ಹೊತ್ತಿಗೆ ಆ ಜಾಗದಲ್ಲಿ ಬಹುಶಃ ಹೆಸರಿಗಷ್ಟೇ ಉಳಿದಿತ್ತು.

ಹಾಗಾಗಿ ನೀನೇ ಹಾಳು ಮಾಡಿದೆ ಅನ್ನುವುದು ಪೂರ್ತಿ ನಿಜವಲ್ಲ. ನಿನ್ನ ಕೈಯೂ ಅದರಲ್ಲಿ ಸೇರಿತು, ಅಷ್ಟೇ. ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಒಂದು ಕಾರಣ ಇದೆ.

ನಿನ್ನ ತಾತ ಬ್ಯಾಂಡಿನಲ್ಲಿ ಸೈಡ್ ಡ್ರಮ್ ಬಾರಿಸುತ್ತಿದ್ದದ್ದು, ಆ ಡ್ರಮ್ ಆಮೇಲೆ ಗುಜರಿಗೆ ಹೋದದ್ದು ನಿಮಗೆಲ್ಲ ಗೊತ್ತು. ಯಾಕೆ ಹೋಯಿತು ಅನ್ನುವುದನ್ನು ನಾನು ನಿನ್ನ ಅಮ್ಮನಿಗೂ ಹೇಳಿಲ್ಲ.

1966ರ ದಸರಾ. ನನಗೆ 13 ವರ್ಷ. ಆಗ ಜಂಬೂ ಸವಾರಿಯಲ್ಲಿ ಆನೆಯ ಮೇಲೆ ಮಹಾರಾಜರೇ ಕೂರುತ್ತಿದ್ದರು. ಅರಮನೆಯಿಂದ ಬನ್ನಿಮಂಟಪದವರೆಗೆ ಅಪ್ಪ ನುಡಿಸಿಕೊಂಡು ನಡೆಯಬೇಕು. ಮೀರತ್ತಿನಿಂದ ತರಿಸಿದ ಡ್ರಮ್, ಅದೂ ಹಿತ್ತಾಳೆಯ ಮೇಲೆ ನಿಕಲ್. ಹಿಂದಿನ ದಿನ ಸಂಜೆ ಅಪ್ಪ ಸಮವಸ್ತ್ರ ಇಸ್ತ್ರಿ ಮಾಡಿಸಲು ಹೋಗಿದ್ದರು. ಅಪ್ಪನಿಗೆ ಖುಷಿಯಾಗಲಿ ಅಂತ ನಾನು ಡ್ರಮ್ ಬೆಳಗಲು ಕೂತೆ. ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು. ಮಸುಕು ಹೋಗುತ್ತಿದ್ದಂತೆ ಇನ್ನೂ ಉಜ್ಜಬೇಕು ಅನಿಸುತ್ತಿತ್ತು. ಆಮೇಲೆ ಹಳದಿ ಕಂಡಿತು. ಅದು ಸುತ್ತಲಿನ ಬಣ್ಣಕ್ಕೆ ಸೇರಲಿ ಅಂತ ಪಕ್ಕದಲ್ಲೂ ಉಜ್ಜಿದೆ. ಹಳದಿ ಇನ್ನೂ ಅಗಲವಾಯಿತು.

ಅಪ್ಪ ಬಂದರು. ನೋಡಿದರು. ಒಂದು ಮಾತೂ ಆಡಲಿಲ್ಲ. ಮಾರನೇ ದಿನ ಹೊರಡುವಾಗ ಡ್ರಮ್ಮನ್ನು ತೊಡೆಯ ಪಕ್ಕ ನೇತುಹಾಕಿಕೊಂಡು ಸ್ವಲ್ಪ ತಿರುಗಿಸಿಕೊಂಡರು. ಹಳದಿ ಜಾಗ ಅವರ ಮೈ ಕಡೆಗೆ ಬರುವ ಹಾಗೆ. ಜನಕ್ಕೆ ಕಾಣದ ಹಾಗೆ. ಸಯ್ಯಾಜಿರಾವ್ ರಸ್ತೆಯಲ್ಲಿ ಜನರ ಮಧ್ಯೆ ನಿಂತು ನಾನು ಅದನ್ನೇ ನೋಡುತ್ತಿದ್ದೆ. ಆನೆ ಹೋದದ್ದೂ ಗೊತ್ತಾಗಲಿಲ್ಲ.

ಬೈದಿದ್ದರೆ ಅಳುತ್ತಿದ್ದೆ, ಮುಗಿಯುತ್ತಿತ್ತು. ಬೈಯಲಿಲ್ಲವಾದ್ದರಿಂದ "ನಾನೇ ಹಾಳು ಮಾಡಿದೆ" ಅನ್ನುವುದು ಒಳಗೇ ಕೂತುಬಿಟ್ಟಿತು. ಅಪ್ಪ ಕೆಲಸ ಬಿಟ್ಟ ಮೇಲೆ ಡ್ರಮ್ ಅಟ್ಟ ಸೇರಿತು. ಎರಡು ಮೂರು ಸಲ ಕೇಳಿದರು, "ಅದನ್ನೊಮ್ಮೆ ಇಳಿಸಿ ಒರೆಸಿಡೋ" ಅಂತ. ನಾನು ಆಗಲಿ ಆಗಲಿ ಅಂದೆ. ಮುಟ್ಟಲಿಲ್ಲ. ಪುಟ್ಟಿ, ಆಗ ನಾನು ನಿಕಲ್ ಪಾಲಿಶ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಊರವರ ಕನ್ನಡಿ ಚೌಕಟ್ಟು, ಸೈಕಲ್ ಹ್ಯಾಂಡಲ್ ಎಲ್ಲ ನನ್ನ ಕೈಯಲ್ಲಿ ಹಾದುಹೋದವು. ಅಪ್ಪನ ಡ್ರಮ್ಮಿಗೆ ಮಾತ್ರ ಕೈ ಹಾಕಲು ಹೆದರಿಕೆ. ಅಟ್ಟದ ಹೆಂಚು ಸೋರುತ್ತಿತ್ತು. ಅಪ್ಪ ಹೋದ ಮೇಲೆ ಇಳಿಸಿದಾಗ ಚರ್ಮ ಬಿಗಿಯುವ ರಾಡುಗಳು ತುಕ್ಕು ಹಿಡಿದು ಮುರಿದವು. ಶೆಲ್ ಬಿರುಕು ಬಿಟ್ಟಿತ್ತು. ಹಿತ್ತಾಳೆ ಅಂತ ತೂಕಕ್ಕೆ ಕೊಟ್ಟೆ.

ಅದನ್ನು ಹಾಳು ಮಾಡಿದ್ದು ನಾನು ಉಜ್ಜಿದ್ದಲ್ಲ. ಆಮೇಲೆ ಮುಟ್ಟದೇ ಇದ್ದದ್ದು. ನಿನ್ನ ಪತ್ರದಲ್ಲಿ "ಪೆಟ್ಟಿಗೆಗೆ ಹಾಕಿ ಇಟ್ಟುಬಿಟ್ಟೆ, ನೋಡೋಕೂ ಆಗ್ತಿಲ್ಲ" ಅಂತ ಇತ್ತು. ಅಲ್ಲಿಗೆ ಬಂದಾಗ ನನ್ನ ಕೈ ತಣ್ಣಗಾಯಿತು.

ಹೊರಗೆ ತೆಗಿ. ಇವತ್ತೇ ಏನೂ ಮಾಡಬೇಕಿಲ್ಲ, ಮೇಜಿನ ಮೇಲೆ ಇಡು ಸಾಕು.

ಬ್ಯಾಡ್ಜಿನ ಮೇಲೆ ಲುಡ್ವಿಗ್ ಅಂಡ್ ಲುಡ್ವಿಗ್, ಶಿಕಾಗೋ ಅಂತ ಓದಿದೆ. ನೀನಿರುವ ಊರಿನಲ್ಲೇ ಹುಟ್ಟಿದ್ದು ಅಲ್ವಾ! ನಿನ್ನ ಪತ್ರ ಬಂದ ಮೇಲೆ ಆ ಕಂಪನಿಯ ಬಗ್ಗೆ ಓದುತ್ತಾ ಕೂತೆ. ವಿಲಿಯಂ, ಥಿಯೋಬಾಲ್ಡ್ ಅನ್ನುವ ಅಣ್ಣತಮ್ಮಂದಿರು 1909ರಲ್ಲಿ ಶುರು ಮಾಡಿದ್ದು. 1918ರ ಇನ್‌ಫ್ಲುಯೆಂಜಾ ಜ್ವರದಲ್ಲಿ ಥಿಯೋಬಾಲ್ಡ್ ತೀರಿಕೊಂಡರು. 1930ರ ಹೊತ್ತಿಗೆ ಕಂಪನಿ ಬೇರೆಯವರಿಗೆ ಮಾರಾಟವಾಗಿ ಶಿಕಾಗೋ ಬಿಟ್ಟಿತು. ವಿಲಿಯಂ 1937ರಲ್ಲಿ ಶಿಕಾಗೋದಲ್ಲೇ ಮತ್ತೆ ಡ್ರಮ್ ಮಾಡಲು ಕೂತರು. ಆದರೆ ತಮ್ಮ ಹೆಸರೇ ಮಾರಿಹೋಗಿತ್ತಲ್ಲ, ತಮ್ಮ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಡಬ್ಲ್ಯೂಎಫ್‌ಎಲ್ ಅಂತ ಇಟ್ಟುಕೊಂಡರು. ಹೆಸರು ವಾಪಸ್ ಸಿಕ್ಕಿದ್ದು 1955ರಲ್ಲಿ. ನಿನ್ನ ಡ್ರಮ್ ಮಾರಾಟಕ್ಕೂ ಮುಂಚಿನದೇ ಇರಬೇಕು.

ಇನ್ನೊಂದು ಸಮಾಧಾನದ ವಿಷಯ. ಅದೇ ಕಾಲದಲ್ಲಿ ಅವರು, ಈಗ ಬ್ಲ್ಯಾಕ್ ಬ್ಯೂಟಿ ಅಂತ ಕರೆಯುವ ಒಂದು ಡ್ರಮ್ ಮಾಡಿದ್ದರು. ಹಿತ್ತಾಳೆಯ ಮೇಲೆ ತೆಳ್ಳಗೆ ಕಪ್ಪು ನಿಕಲ್, ಅದರ ಮೇಲೆ ಕೆತ್ತನೆ. ಆ ಕಪ್ಪನ್ನೇ ಕಿಲುಬು ಅಂದುಕೊಂಡು ಉಜ್ಜಿದರೆ ಮುಗಿಯಿತು. ಅದಕ್ಕೆ ಒದ್ದೆ ಬಟ್ಟೆ ಬಿಟ್ಟು ಏನೂ ತಾಗಿಸಬಾರದು. ನಿನ್ನದು ಬೆಳ್ಳಗಿನ ನಿಕಲ್. ಇನ್ನೂ ದಾರಿ ಇದೆ.

ಏನು ಮಾಡಬೇಕು ಅಂತ ಕೇಳಿದ್ದೆ. ದೂರದಲ್ಲಿ ಕೂತು ಹೇಳಲು ಸಂಕೋಚವಾಗುತ್ತದೆ, ಕೈಯಲ್ಲಿ ಹಿಡಿದು ನೋಡಿದವನಲ್ಲ ನಾನು. ಹುಳಿ, ನಿಂಬೆ, ಸ್ಕ್ರಬ್ಬರ್ ಇನ್ನು ಬೇಡ. ಅಮೋನಿಯಾ ಘಾಟು ಬರುವ ಪಾಲಿಶ್ ಕೂಡ ಬೇಡ ಅನಿಸುತ್ತದೆ. ಬ್ರಿಟಿಷರ ಕಾಲದಲ್ಲಿ ಕುದುರೆ ಲಾಯದಲ್ಲಿಟ್ಟ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ತಾವಾಗಿ ಬಿರುಕು ಬಿಡುತ್ತಿದ್ದವಂತೆ. ಕುದುರೆ ಗಂಜಲದ ಅಮೋನಿಯಾದಿಂದ. ನೂರು ವರ್ಷದ ಶೆಲ್ಲಿಗೆ ಆ ಅಪಾಯ ಯಾಕೆ? ಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಹಳೆ ಬನಿಯನ್ ಬಟ್ಟೆ. ಮೂಲೆಗೆ ಮೆತ್ತಗಿನ ಟೂತ್‌ಬ್ರಷ್. ತಕ್ಷಣ ಒರೆಸಿ ಒಣಗಿಸು.

ಬಿಚ್ಚುವ ಮುಂಚೆ ನಾಲ್ಕೂ ಕಡೆಯಿಂದ ಫೋಟೊ ತೆಗೆದುಕೋ. ರಾಡುಗಳನ್ನು ಮೊಟ್ಟೆ ಟ್ರೇಯಲ್ಲಿ ಬಿಚ್ಚಿದ ಕ್ರಮದಲ್ಲೇ ಇಡು. ತಿರುಗದಿದ್ದರೆ ಬಲ ಹಾಕಬೇಡ. ನಾವು ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡುತ್ತಿದ್ದೆವು. ಅಲ್ಲಿ ತುಕ್ಕು ಸಡಿಲಿಸುವ ಡಬ್ಲ್ಯೂಡಿ-40 ಸ್ಪ್ರೇ ಸಿಗುತ್ತದಲ್ಲ, ಅದೂ ಆಗುತ್ತದೆ. ಮೇಲೆ ಬಾರಿಸುವ ಹೊದಿಕೆ, ಹೆಡ್ ಅನ್ನುತ್ತಾರಲ್ಲ, ಅದು ಕರುವಿನ ಚರ್ಮವೇ ಆಗಿದ್ದರೆ ನೀರು ತಾಗಿಸಬೇಡ. ಪ್ಲಾಸ್ಟಿಕ್ ಹೆಡ್ ಬಳಕೆಗೆ ಬಂದದ್ದು 1957ರ ಸುಮಾರಿಗೆ, ಅಲ್ಲಿಯವರೆಗೆ ಎಲ್ಲರದೂ ಚರ್ಮವೇ. ದಸರಾದಲ್ಲಿ ಮಳೆ ಹನಿದರೆ ಅಪ್ಪನ ಡ್ರಮ್ಮಿನ ಚರ್ಮ ಇಳಿದುಬಿಡುತ್ತಿತ್ತು. ಕೆಂಡದ ಮುಂದೆ ಹಿಡಿದು ಬೆರಳಲ್ಲಿ ತಟ್ಟಿ ನೋಡುತ್ತಿದ್ದರು. ಆ ಸದ್ದು ನನಗೆ ಈಗಲೂ ಕೇಳಿಸುತ್ತದೆ.

ಹಳದಿ ಜಾಗವನ್ನು ಮುಚ್ಚಲು ಹೋಗಬೇಡ. ಪಕ್ಕದಲ್ಲಿ ಉಜ್ಜಬೇಡ, ಅದೇ ನನ್ನಿಂದಾದ ತಪ್ಪು. ಹೊಸದಾಗಿ ನಿಕಲ್ ಹಾಕಿಸಲಾ ಅಂತ ಕೇಳಿದ್ದೆ. ಹಾಕಿಸಬಹುದು. ಆದರೆ ಹಾಕುವ ಮುಂಚೆ ಹಳೆಯದನ್ನು ತೆಗೆದು ಚಕ್ರಕ್ಕೆ ಹಿಡಿದು ಮಟ್ಟ ಮಾಡುತ್ತಾರೆ. ಶೆಲ್ಲಿನ ಅಂಚು ಸವೆಯುತ್ತದೆ. ಸದ್ದು ಹುಟ್ಟುವುದು ಆ ಅಂಚಿನ ಮೇಲೆ ಹೆಡ್ ಕೂತಾಗಲೇ. ನಾನು ಆ ಚಕ್ರದ ಮುಂದೆ ಕೂತವನು, ಬೇಡ ಅನ್ನುತ್ತೇನೆ. ತೊಳೆದು ಒಣಗಿದ ಮೇಲೆ ಕಾರಿಗೆ ಹಚ್ಚುವ ವ್ಯಾಕ್ಸ್ ತೆಳ್ಳಗೆ ಸವರು. ಬರಬರುತ್ತಾ ಹಿತ್ತಾಳೆ ತಾನಾಗಿಯೇ ಕಂದುತ್ತದೆ, ಈಗಿನಷ್ಟು ಎದ್ದು ಕಾಣುವುದಿಲ್ಲ.

ಮರೆತಿದ್ದೆ. ಬಿಚ್ಚಿದ ಶೆಲ್ಲನ್ನು ಗಾಜಿನ ಮೇಲೆ ಬೋರಲು ಇಟ್ಟು ಒಳಗೆ ಟಾರ್ಚ್ ಹಾಕು. ಅಂಚಿನ ಕೆಳಗೆ ಬೆಳಕು ಎಲ್ಲಿ ಜಾಸ್ತಿ ಸೋರುತ್ತದೆ ಅಂತ ಗುರುತು ಮಾಡಿ ನನಗೆ ಬರಿ. ಕೆಳಗಿನ ಹೆಡ್ಡಿಗೆ ತಾಗಿ ಝರಝರ ಅನ್ನುವ ಸ್ನೇರ್ ತಂತಿ ಕೂರುವ ಎರಡು ಕಡೆ ಸ್ವಲ್ಪ ತಗ್ಗು ಬೇಕಂತಲೇ ಇರುತ್ತದೆ, ಅದಕ್ಕೆ ಹೆದರಬೇಡ. ಬಿರುಕು ಇಲ್ಲದಿದ್ದರೆ ಡ್ರಮ್ ಚೆನ್ನಾಗಿದೆ ಅಂತಲೇ ಅರ್ಥ. ಅಂಗೈಯಗಲ ನಿಕಲ್ ಹೋದದ್ದು ಕಿವಿಗೆ ಗೊತ್ತಾಗುವುದಿಲ್ಲ. ಆ ದಸರಾ ದಿನವೂ ಅಪ್ಪನ ಡ್ರಮ್ ಎಂದಿನ ಹಾಗೇ ನುಡಿದಿತ್ತು. ನಾನು ಹಳದಿ ನೋಡುತ್ತಾ ನಿಂತವನು, ಸದ್ದಿಗೆ ಕಿವಿಗೊಡಲಿಲ್ಲ.

ಹೆಡ್ ಹಾಕಿದ ದಿನ ಫೋನ್ ಮಾಡು, ಅಲ್ಲಿ ರಾತ್ರಿಯಾದರೂ ಪರವಾಗಿಲ್ಲ. ಫೋನನ್ನು ಪಕ್ಕದಲ್ಲಿಟ್ಟು ಬಾರಿಸು. ಹಳದಿ ಜಾಗ ನಿನಗೆ ಕಾಣುವ ಕಡೆಗೇ ಇರಲಿ.

ಇತಿ,
ನಿನ್ನ ಮಾಮ