ಹೆಸರು ಕೇಳದೇ ಬಂದ ಆ ಸೇವಕರಿಗೆ

ಬೆಂಗಳೂರಿನ ಹೊರವಲಯದಲ್ಲಿ 10 ದಿನದ ವಿಪಶ್ಯನ ಧ್ಯಾನ ಶಿಬಿರಕ್ಕೆ ಹೋಗಿದ್ದೆ. ಬೆಳಗ್ಗೆ 4ಕ್ಕೆ ಗಂಟೆ, 4.30ಕ್ಕೆ ಧ್ಯಾನ, ಶಿಬಿರಾರ್ಥಿಗಳ ನಡುವೆ ಮಾತು ಪೂರ್ತಿ ಬಂದ್. ಮೊದಲ ಮೂರು ದಿನ ಉಸಿರು ನೋಡುವುದಷ್ಟೇ ಕೆಲಸ. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ನನಗೆ ಸಾಕಾಯಿತು. ಮಂಡಿ ಸಿಡಿಯುತ್ತಿತ್ತು. ಮನಸ್ಸೋ, ಆಫೀಸು, ಮನೆ ಕಂತು, ಎಂದೋ ಆಡಿದ ಜಗಳ ಅಂತ ಊರೆಲ್ಲ ಸುತ್ತುತ್ತಿತ್ತು. ರೂಮಿಗೆ ಬಂದು ಬ್ಯಾಗಿಗೆ ಬಟ್ಟೆ ತುಂಬತೊಡಗಿದೆ.

ಬಾಗಿಲಲ್ಲಿ ಧರ್ಮಸೇವಕರೊಬ್ಬರು, ಅಂದರೆ ಶಿಬಿರದ ಸ್ವಯಂಸೇವಕರು, ನಿಂತಿದ್ದರು. ಅರವತ್ತು ದಾಟಿದವರು, ಹೆಗಲ ಮೇಲೆ ಟವೆಲ್ಲು. ಬ್ಯಾಗು ನೋಡಿದರು, ಏನೂ ಕೇಳಲಿಲ್ಲ. ಹೋಗಿ ಎರಡು ಸಣ್ಣ ದಿಂಬು ತಂದು, 'ಒಂದೊಂದು ಮಂಡಿ ಕೆಳಗೆ ಒಂದೊಂದು ಇಟ್ಕೊಳ್ಳಿ ಸಾರ್' ಅಂದರು. ಆಮೇಲೆ ಮೆಲ್ಲಗೆ, 'ನನ್ನ ಮನಸ್ಸೂ ಓಡುತ್ತೆ, ಇವತ್ತಿಗೂ. ಸಂಜೆ ಟೀವರೆಗೆ ಇದ್ದು ನೋಡಿ.' ಅಷ್ಟೇ.

ಸಂಜೆ 5ಕ್ಕೆ ಮಂಡಕ್ಕಿ ತಟ್ಟೆ ಹಿಡಿದು ಕೂತಾಗ ದೂರದಿಂದ ನೋಡಿ ಚೂರು ತಲೆಯಾಡಿಸಿದರು. ಕಣ್ಣು ತುಂಬಿ ಬಂತು. ಟೀ ಬಿಸಿಯಿತ್ತು ಅಂತ ನೆಪ ಹೇಳಲೂ ಮಾತಾಡುವಂತಿರಲಿಲ್ಲ! ಬ್ಯಾಗು ಮಂಚದ ಕೆಳಗೆ ಹೋಯಿತು.

ಹತ್ತನೇ ದಿನ ಮೌನ ಬಿಟ್ಟಾಗ ಹುಡುಕಿದೆ, ಸಿಗಲಿಲ್ಲ. ಅಲ್ಲಿ ಸೇವಕರಿಗೆ ಸಂಬಳವಿಲ್ಲ, ಹಳೇ ಸಾಧಕರೇ ಬಂದು ದುಡಿದು ಹೋಗುತ್ತಾರೆ.

ಸಾರ್, ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಬೇಕೆಂದು ಶಿಬಿರದಲ್ಲಿ ಹೇಳಿ ಕಳಿಸಿದ್ದರು. ಸಂಜೆಯದು ಆಗಾಗ ತಪ್ಪುತ್ತದೆ, ಬೆಳಗಿನದು ಬಿಟ್ಟಿಲ್ಲ. ಇವತ್ತೂ ಹಾಲಿನವನ ಬೆಲ್ಲಿನ ಹಿಂದೆಯೇ ಮನಸ್ಸು ಓಡಿತು. ಮಂಡಿ ಕೆಳಗೆ ಎರಡು ದಿಂಬಿವೆ. ಥ್ಯಾಂಕ್ಸ್.