ಸಭೆಯವರಿಗೆ ವಂದನೆ, ಮತ್ತು ನಮ್ಮನೆಯಲ್ಲಿ ಉಳಿದ ಡಬ್ಬಿಗಳು

ನಮ್ಮ ಯಜಮಾನರು ಹೃದಯದ ಆಪರೇಷನ್ ಮುಗಿಸಿ ಮನೆಗೆ ಬಂದು ನಿನ್ನೆಗೆ ಮೂರು ತಿಂಗಳು. ಈಗ ಮೆಟ್ಟಿಲು ಹತ್ತುತ್ತಾರೆ, ನನ್ನ ಸಾರಿಗೆ ಉಪ್ಪು ಕಡಿಮೆ ಅಂತ ಗೊಣಗುತ್ತಾರೆ. ಅಂದರೆ ಗುಣವಾದ ಹಾಗೇ. ದೇವರಿಗೆ ಸ್ತೋತ್ರ.

ಮಂಗಳೂರಿನ ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರಿಗೆ ದೊಡ್ಡ ವಂದನೆ. ರಕ್ತ ಕೊಟ್ಟ ಹುಡುಗರಿಗೆ, ಆಸ್ಪತ್ರೆಯ ಬೆಂಚಿನಲ್ಲಿ ರಾತ್ರಿ ಕಳೆದವರಿಗೆ, ಪ್ರಾರ್ಥನೆಯನ್ನು ಚಿಕ್ಕದಾಗಿ ಮುಗಿಸಿದ ಅಯ್ಯನವರಿಗೆ (ರೋಗಿಗೆ ಅದೂ ಉಪಕಾರವೇ). ಆದರೆ ಒಬ್ಬರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ಚರ್ಚಿನ ಸುಗ್ಗಿ ಹಬ್ಬದ ಏಲಂ (ಹರಾಜು) ಲೆಕ್ಕದಲ್ಲಿ ಹಣ ಕಡಿಮೆ ಬಂತು ಅಂತ ಹತ್ತು ಜನರ ಮುಂದೆ ಅವರ ಮೇಲೆ ಅನುಮಾನದ ಮಾತು ಆಡಿದೆ. ಲೆಕ್ಕ ಸರಿಯಾಗಿಯೇ ಇತ್ತು. ಗೊತ್ತಾದ ಮೇಲೂ ಕ್ಷಮೆ ಕೇಳಲು ಬಾಯಿ ಬರಲಿಲ್ಲ.

ನಮ್ಮ ಆರಾಧನೆಯಲ್ಲಿ ಸಮಾಧಾನ ಕೊಡುವುದು ಅಂತ ಇದೆ. ಪಕ್ಕದವರ ಕೈಯನ್ನು ನಮ್ಮ ಎರಡು ಅಂಗೈಗಳ ನಡುವೆ ಹಿಡಿಯುವುದು. 1950ರ ಆರಾಧನಾ ಕ್ರಮದಿಂದಲೇ ಇದೆ. ಬೇರೆ ಬೇರೆ ಮಿಷನ್ನುಗಳ ಸಭೆಗಳು 1947ರಲ್ಲಿ ಒಂದಾಗಿ ಸಿಎಸ್‌ಐ ಆಯಿತಲ್ವಾ, ಆ ಜನಕ್ಕೆ ಇದು ಬೇಕೇ ಇತ್ತೇನೋ. ನಾನು ಮಾತ್ರ ಅವರ ಕೈ ಹಿಡಿಯಬೇಕಾದೀತು ಅಂತ ಬೆಂಚನ್ನೇ ಬದಲಾಯಿಸಿದೆ. ಕಾಣಿಕೆಯನ್ನು ವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಜೊತೆ ಒಂದಾಗು ಅನ್ನುವ ಮತ್ತಾಯ 5ರ ಪಾಠವನ್ನು ಸಂಡೇ ಸ್ಕೂಲ್ ಮಕ್ಕಳಿಗೆ ಕಲಿಸುತ್ತಿದ್ದವಳೂ ನಾನೇ!

ಆಪರೇಷನ್ ಆದ ನಾಲ್ಕನೇ ದಿನ ಅವರೇ ಗಂಜಿ, ಚಟ್ನಿ ಹಿಡಿದು ಬಂದರು. ನಾನು ಅಳುತ್ತಾ, "ಆಗ ಇಬ್ಬರದ್ದೂ ತಪ್ಪಿತ್ತು ಅಲ್ವಾ" ಅಂದೆ.

"ಇಲ್ಲ ಮಾರಾಯ್ತಿ, ನಿನ್ನದೇ ತಪ್ಪು. ಆದರೂ ಬಂದೆ. ಮೊದಲು ಉಣ್ಣು."

ನಾವು ಇನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತ ನಮಗಾಗಿ ಸತ್ತ ಅಂತ ಪೌಲ ರೋಮಾಪುರದವರಿಗೆ ಬರೆದಿದ್ದಾನೆ. ಎಷ್ಟು ಸಲ ಓದಿಲ್ಲ! ತಪ್ಪನ್ನು ಸುಮ್ನೆ ಮುಚ್ಚಿಹಾಕದೆ, ತಪ್ಪು ಅಂತ ಹೇಳಿಯೂ ಒಬ್ಬರು ಹತ್ತಿರ ಬಂದದ್ದನ್ನು ಕಣ್ಣಾರೆ ಕಂಡಿದ್ದು ಅವತ್ತು, ಆ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆಯುವಾಗ.

ಹತ್ತು ಜನರ ಮುಂದೆ ಆಡಿದ ಮಾತಿಗೆ ಎಲ್ಲರ ಮುಂದೆಯೇ ಕ್ಷಮೆ ಕೇಳುತ್ತಿದ್ದೇನೆ. ಹಳೆ ಬೆಂಚಿಗೆ ವಾಪಸ್ ಬಂದಿದ್ದೇನೆ. ಏಲಂ ಪುಸ್ತಕವನ್ನು ಅವರು ಇನ್ನೂ ನನ್ನ ಕೈಗೆ ಕೊಟ್ಟಿಲ್ಲ. ನ್ಯಾಯವೇ.

ಅಂದ ಹಾಗೆ, ನಮ್ಮ ಅಡುಗೆಮನೆಯಲ್ಲಿ ಐದು ಡಬ್ಬಿ, ಒಂದು ಫ್ಲಾಸ್ಕ್ ಉಳಿದಿವೆ. ಯಾರದ್ದೋ ಗೊತ್ತಿಲ್ಲ. ಭಾನುವಾರ ತರುತ್ತೇನೆ, ಗುರುತು ಹಿಡಿದು ತೆಗೆದುಕೊಳ್ಳಿ.